ಗ್ರಂಥಪಾಲಕರೂ ರೋಗಿಯ ಶುಶ್ರೂಷೆಯೂ

ವೈದ್ಯರ ಕೈಗುಣವನ್ನು ಎಲ್ಲರೂ ಕೊಂಡಾಡುವರು. ಆ ಕೈಗೆ ಸಕಾಲದಲ್ಲಿ ಶಾಸ್ತ್ರದ ಆಧಾರವನ್ನು ಒದಗಿಸುವ ಗ್ರಂಥಪಾಲಕರನ್ನು ನೆನೆಯುವವರು ವಿರಳ.

ಅಮೆರಿಕದ ಸೇನಾ ವೈದ್ಯ ಜಾನ್ ಷಾ ಬಿಲ್ಲಿಂಗ್ಸ್ ಅವರು 1879ರಲ್ಲಿ ‘ಇಂಡೆಕ್ಸ್ ಮೆಡಿಕಸ್’ ಎಂಬ ಮಾಸಿಕ ಸೂಚಿಯನ್ನು ಆರಂಭಿಸಿ, ನಾನಾ ದೇಶಗಳ ವೈದ್ಯಪತ್ರಿಕೆಗಳಲ್ಲಿ ಚೆದುರಿದ್ದ ಲೇಖನಗಳನ್ನು ವಿಷಯವಾರಾಗಿ ಪಟ್ಟಿಮಾಡಿಸಿದರು. 1964ರಲ್ಲಿ ಆ ಕೆಲಸಕ್ಕೆ ಗಣಕಯಂತ್ರವು ನೆರವಾಯಿತು. 1971ರಲ್ಲಿ ಕ್ಯಾನ್ಸಾಸ್ ಸಿಟಿಯ ವೈದ್ಯಕೀಯ ಕಾಲೇಜಿನಲ್ಲಿ ಗರ್ಟ್ರೂಡ್ ಲ್ಯಾಂಬ್ ಎಂಬಾಕೆ ಹೊಸ ಪದ್ಧತಿಯೊಂದನ್ನು ತಂದರು. ಗ್ರಂಥಪಾಲಕರು ವೈದ್ಯರೊಡನೆ ವಾರ್ಡುಗಳಲ್ಲಿ ಸುತ್ತಿ, ಅಲ್ಲಿ ಎದ್ದ ಸಂಶಯಗಳಿಗೆ ಉತ್ತರವಾಗುವ ಲೇಖನಗಳನ್ನು ಹುಡುಕಿಕೊಡತೊಡಗಿದರು.

ಇದೇನು ಅಷ್ಟು ದೊಡ್ಡ ಕೆಲಸವೇ ಎನ್ನಬಹುದು. 2001ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಆಸ್ತಮಾ ಸಂಶೋಧನೆಗಾಗಿ ಹೆಕ್ಸಾಮೆಥೋನಿಯಂ ಎಂಬ ಹಳೆಯ ಔಷಧವನ್ನು ಉಸಿರಿನೊಡನೆ ಸೇವಿಸಿದ ಆರೋಗ್ಯವಂತ ತರುಣಿಯೊಬ್ಬಳು ಶ್ವಾಸಕೋಶ ಕೆಟ್ಟು ತೀರಿಕೊಂಡಳು. ಆ ಔಷಧದಿಂದ ಶ್ವಾಸಕೋಶಕ್ಕೆ ಹಾನಿಯಾಗಬಹುದೆಂಬ ವರದಿಗಳು 1950ರ ದಶಕದ ಪತ್ರಿಕೆಗಳಲ್ಲಿಯೇ ಇದ್ದವು. ಸಂಶೋಧಕರು ಮುಖ್ಯವಾಗಿ ನೋಡಿದ ಗಣಕಸೂಚಿಯು ಆಗ 1966ಕ್ಕಿಂತ ಹಿಂದಕ್ಕೆ ಹೋಗುತ್ತಿರಲಿಲ್ಲ.

ಇಂದು ಅಂಥ ಸೂಚಿಯನ್ನು ಮನೆಯಲ್ಲಿ ಕುಳಿತೇ ನೋಡಬಹುದು. ಆದರೆ ಸೂಚಿಯು ಎಲ್ಲಿ ಮುಗಿಯುತ್ತದೆ, ಅದರಾಚೆ ಎಲ್ಲಿ ಅರಸಬೇಕು ಎಂಬುದನ್ನು ಬಲ್ಲವರು ಬೇಕು. ಆ ಬಲ್ಲವಿಕೆಯೂ ಶುಶ್ರೂಷೆಯ ಒಂದು ಅಂಗವೇ ಸರಿ.