ದೇಹದ ಹೊರಗಣ ಹೃದಯ: ಒಂದು ಐತಿಹಾಸಿಕ ಸಮೀಕ್ಷೆ

2016ನೆಯ ಇಸವಿಯ ಡಿಸೆಂಬರ್ 4ರಂದು ತಮಿಳುನಾಡಿನ ಮುಖ್ಯಮಂತ್ರಿಗಳಾಗಿದ್ದ ಜೆ. ಜಯಲಲಿತಾ ಅವರಿಗೆ ಚೆನ್ನೈಯ ಆಸ್ಪತ್ರೆಯಲ್ಲಿ ಹೃದಯಸ್ತಂಭನವಾಯಿತು. ನಮ್ಮ ನಾಡಿನ ಮೇಲುಕೋಟೆಯಲ್ಲಿ 1948ರಲ್ಲಿ ಜನಿಸಿದ ಅವರನ್ನು ವೈದ್ಯರು ‘ಎಕ್ಮೊ’ ಎಂಬ ಯಂತ್ರಕ್ಕೆ ಜೋಡಿಸಿದರು. ಮರುದಿನ ರಾತ್ರಿ ಅವರು ನಿಧನರಾದರು. ಅದುವರೆಗೆ ಬಹುಮಟ್ಟಿಗೆ ವೈದ್ಯರಲ್ಲಿಯೇ ಬಳಕೆಯಲ್ಲಿದ್ದ ಆ ಪದವು ವೃತ್ತಪತ್ರಿಕೆಗಳ ಮೂಲಕ ಕೆಲಗೇರಿಯ ಕೆರೆಯ ದಂಡೆಗೂ ಬಂದಿತು. ಯಂತ್ರವಿದ್ದೂ ಪ್ರಾಣವೇಕೆ ಉಳಿಯಲಿಲ್ಲವೆಂದು ಕೆಲವರೂ, ನಿಂತ ಹೃದಯಕ್ಕೆ ಯಂತ್ರವೇತಕ್ಕೆಂದು ಕೆಲವರೂ ಕೇಳುತ್ತಿದ್ದರು. ಈ ಎರಡು ಪ್ರಶ್ನೆಗಳಿಗೂ ಉತ್ತರವನ್ನು ಆ ಯಂತ್ರದ ಇತಿಹಾಸದಲ್ಲಿಯೇ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ.

ಯಂತ್ರದ ತತ್ತ್ವವು ಸರಳವಾದುದು. ದೊಡ್ಡ ಅಭಿಧಮನಿಯೊಂದರಿಂದ ಕೊಳವೆಯ ಮೂಲಕ ರಕ್ತವನ್ನು ಹೊರಗೆ ತೆಗೆಯುತ್ತಾರೆ. ಪಂಪು ಅದನ್ನು ಕೃತಕ ಪೊರೆಯೊಂದರ ಮುಖಾಂತರ ಹಾಯಿಸುತ್ತದೆ. ಅಲ್ಲಿ ರಕ್ತವು ಆಮ್ಲಜನಕವನ್ನು ಪಡೆದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ಬಳಿಕ ಅದನ್ನು ಅಪಧಮನಿಗೆ ಮರಳಿಸುತ್ತಾರೆ. ಹೀಗೆ ಹೃದಯ ಮತ್ತು ಶ್ವಾಸಕೋಶ ಇವೆರಡರ ಕೆಲಸವೂ ದೇಹದ ಹೊರಗೆ ನಡೆಯುತ್ತದೆ. ಆದರೆ ಬೇನೆಯನ್ನು ವಾಸಿ ಮಾಡುವ ಶಕ್ತಿ ಇದಕ್ಕಿಲ್ಲ. ಅದು ಕೊಡುವುದು ಕಾಲಾವಕಾಶವೊಂದನ್ನೇ.

ಈ ಕಾಲಾವಕಾಶವು ಮೊದಮೊದಲು ನಿಮಿಷಗಳಷ್ಟೇ ಆಗಿತ್ತು. 1953ರ ಮೇ 6ರಂದು ಫಿಲಡೆಲ್ಫಿಯದಲ್ಲಿ ಜಾನ್ ಗಿಬ್ಬನ್ ಅವರು 18 ವರ್ಷದ ತರುಣಿಯೊಬ್ಬಳ ಹೃದಯದ ರಂಧ್ರವನ್ನು ಮುಚ್ಚುವಾಗ ಅವರ ಯಂತ್ರವು 26 ನಿಮಿಷಗಳ ಕಾಲ ಸಂಪೂರ್ಣ ಭಾರವನ್ನು ಹೊತ್ತಿತು. 1954ರಲ್ಲಿ ಮಿನಿಯಾಪೊಲಿಸ್‌ನ ವಾಲ್ಟನ್ ಲಿಲೆಹೈ ಅವರು ಯಂತ್ರವನ್ನೇ ಬಿಟ್ಟು, ಮಗುವಿನ ರಕ್ತನಾಳಗಳನ್ನು ತಂದೆಯ ಅಥವಾ ತಾಯಿಯ ರಕ್ತನಾಳಗಳಿಗೆ ಜೋಡಿಸಿ ಶಸ್ತ್ರಕ್ರಿಯೆ ನಡೆಸಿದರು. 1972ರಲ್ಲಿ ರಾಬರ್ಟ್ ಬಾರ್ಟ್ಲೆಟ್ ಅವರು ಶಸ್ತ್ರಕ್ರಿಯೆಯ ತರುವಾಯ ಹೃದಯ ಸೋತ 2 ವರ್ಷದ ಬಾಲಕನನ್ನು 36 ತಾಸು ಯಂತ್ರದ ಆಸರೆಯಲ್ಲಿಟ್ಟು ಬದುಕಿಸಿದರು. ನಿಮಿಷಗಳು ತಾಸುಗಳಾದವು, ಮುಂದೆ ದಿನಗಳೂ ವಾರಗಳೂ ಆದವು.

ಕಾಲವು ದೀರ್ಘವಾದಂತೆ ಫಲವೂ ಹೆಚ್ಚಿತೇ ಎಂಬುದು ಸಹಜವಾಗಿ ಏಳುವ ಪ್ರಶ್ನೆ. ಇತ್ತೀಚಿನ ಎರಡು ಪರೀಕ್ಷಣಗಳನ್ನು ಇಲ್ಲಿ ಒಟ್ಟಿಗೆ ನೋಡುವುದು ಉಚಿತ. 2020ರಲ್ಲಿ ಪ್ರಕಟವಾದ ಮಿನಿಯಾಪೊಲಿಸ್‌ನ ಪರೀಕ್ಷಣದಲ್ಲಿ, ಆಸ್ಪತ್ರೆಯ ಹೊರಗೆ ಹೃದಯ ಸ್ತಂಭಿಸಿ ವಿದ್ಯುದಾಘಾತಕ್ಕೂ ಮಣಿಯದಿದ್ದ ರೋಗಿಗಳನ್ನು ತ್ವರಿತವಾಗಿ ತಂದು ಯಂತ್ರಕ್ಕೆ ಜೋಡಿಸಲಾಯಿತು. ಅವರಲ್ಲಿ 14ಕ್ಕೆ 6 ಜನ ಬದುಕಿ ಮನೆಗೆ ಮರಳಿದರು. ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ 15ಕ್ಕೆ ಒಬ್ಬರು ಮಾತ್ರ. ಆದರೆ 2023ರಲ್ಲಿ ಪ್ರಕಟವಾದ, ಹೃದಯಾಘಾತದಿಂದ ರಕ್ತಪರಿಚಲನೆ ಕುಸಿದ 417 ರೋಗಿಗಳ ಪರೀಕ್ಷಣದಲ್ಲಿ, 30 ದಿನಗಳೊಳಗೆ ಮೃತರಾದವರು ಯಂತ್ರದ ಗುಂಪಿನಲ್ಲಿ ಶೇಕಡಾ 47.8, ಇನ್ನೊಂದು ಗುಂಪಿನಲ್ಲಿ ಶೇಕಡಾ 49.0. ಅಂತರ ನಗಣ್ಯ. ರಕ್ತಸ್ರಾವವಾದರೋ ಯಂತ್ರದ ಗುಂಪಿನಲ್ಲಿ ಇಮ್ಮಡಿಗೂ ಮಿಕ್ಕಿತ್ತು. ಮೊದಲನೆಯ ಪರೀಕ್ಷಣವು ಚಿಕ್ಕದೆಂಬುದನ್ನು ಮರೆಯಲಾಗದು. ಆದರೂ ಯಾವ ರೋಗಿಗೆ, ಯಾವ ಹೊತ್ತಿಗೆ ಎಂಬುದೇ ನಿರ್ಣಾಯಕವೆಂದು ಇವೆರಡೂ ಕೂಡಿ ಸೂಚಿಸುತ್ತವೆ.

ಆದುದರಿಂದ ಯಂತ್ರವನ್ನು ಜೋಡಿಸುವ ಮೊದಲೇ ‘ಈ ಕಾಲಾವಕಾಶ ಏತಕ್ಕಾಗಿ?’ ಎಂದು ಕೇಳಬೇಕಾಗುತ್ತದೆ. ಹೃದಯವು ಚೇತರಿಸಿಕೊಳ್ಳುವುದಕ್ಕೋ, ಮುಚ್ಚಿದ ರಕ್ತನಾಳವನ್ನು ತೆರೆಯುವುದಕ್ಕೋ, ಬೇರೊಂದು ಹೃದಯವನ್ನು ಕಸಿ ಮಾಡುವುದಕ್ಕೋ? ಇವಾವುದೂ ಸಾಧ್ಯವಿಲ್ಲದಾಗ ಯಂತ್ರವು ಮರಣವನ್ನು ಮುಂದೂಡುತ್ತದೆಯೇ ಹೊರತು ಬದುಕನ್ನು ಮರಳಿಸುವುದಿಲ್ಲ. ನಿಲ್ಲಿಸುವ ನಿರ್ಧಾರವು ಆಗ ಕುಟುಂಬದವರ ಮೇಲೆಯೂ ವೈದ್ಯರ ಮೇಲೆಯೂ ಬೀಳುತ್ತದೆ. ಇಂಥ ನಿರ್ಧಾರಗಳಿಗೆ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮಾರ್ಗವನ್ನು ವಿಧಿಸಿ 2023ರಲ್ಲಿ ಸರಳಗೊಳಿಸಿತು. ಕರ್ನಾಟಕ ಸರಕಾರವು 2025ರ ಜನವರಿ 30ರ ಆದೇಶದಿಂದ ಅದನ್ನು ಜಾರಿಗೆ ತಂದಿತು. ಎರಡು ವೈದ್ಯಮಂಡಲಿಗಳ ಒಪ್ಪಿಗೆ ಇದಕ್ಕೆ ಅವಶ್ಯ.

ಕೆರೆಯ ದಂಡೆಯ ಪ್ರಶ್ನೆಗಳಿಗೆ ಈಗ ಉತ್ತರಿಸಬಹುದು. ನಿಂತ ಹೃದಯಕ್ಕೆ ಯಂತ್ರವು ಬೇಕಾಗುವುದು, ಕಾರಣವನ್ನು ನಿವಾರಿಸಲು ಹೊತ್ತು ಬೇಕಾದುದರಿಂದ. ಪ್ರಾಣವು ಉಳಿಯದಿರುವುದು, ಹೊತ್ತೊಂದೇ ಔಷಧವಲ್ಲವಾದುದರಿಂದ. ಇನ್ನೊಂದು ಮಾತನ್ನು ನಮ್ಮ ವಿದ್ಯಾರ್ಥಿಗಳು ಮನಗಾಣಬೇಕು. ಕೆಲಗೇರಿಯ ಬೀದಿಯಲ್ಲಿ ಒಬ್ಬನು ಕುಸಿದುಬಿದ್ದರೆ ಯಾವ ಯಂತ್ರವೂ ಮೊದಲ ಐದು ನಿಮಿಷಗಳಲ್ಲಿ ಬರಲಾರದು. ಆಗ ಮಿದುಳಿಗೆ ರಕ್ತವನ್ನು ಮುಟ್ಟಿಸಬಲ್ಲವು ಎದೆಯನ್ನು ಬಿಡದೆ ಒತ್ತುವ ಎರಡು ಕೈಗಳು ಮಾತ್ರ. ಆ ನಿಮಿಷಗಳು ವ್ಯರ್ಥವಾದರೆ, ಅನಂತರ ಎಂಥ ಯಂತ್ರವೂ ಅವನ್ನು ಮರಳಿ ಕೊಡಲಾರದು.