ಹಣ್ಣೆಲೆಯ ಬೇಟೆ

ಕನ್ನಡದಲ್ಲಿ ಹಣ್ಣೆಲೆ ಎಂದರೆ ಮುಪ್ಪಿನ ನೆನಪು. ಜಪಾನಿನಲ್ಲಿ ಶರತ್ಕಾಲ ಬಂದರೆ ಅದೇ ಹಣ್ಣೆಲೆಯನ್ನು ಹುಡುಕಿಕೊಂಡು ಮನೆಮಂದಿಯೆಲ್ಲ ಬೆಟ್ಟ ಹತ್ತುತ್ತಾರೆ. ಇದಕ್ಕೆ ಅವರ ಹೆಸರು ‘ಮೊಮಿಜಿಗಾರಿ’. ‘ಮೊಮಿಜಿ’ ಎಂದರೆ ಬಣ್ಣ ತಿರುಗಿದ ಎಲೆ, ‘ಕಾರಿ’ ಎಂದರೆ ಬೇಟೆ. ನಮ್ಮ ಮಳೆ, ಕಾಲ ಸೇರಿ ಮಳೆಗಾಲ ಆಗುವಂತೆ ಅಲ್ಲಿಯೂ ಕಕಾರ ಗಕಾರವಾಗಿದೆ.

8ನೆಯ ಶತಮಾನದ ಕವನಸಂಕಲನ ‘ಮಾನ್‌ಯೋಶು’ವಿನಲ್ಲಿ ಈ ಎಲೆಯನ್ನು ಹೆಚ್ಚಾಗಿ ‘ಹಳದಿ ಎಲೆ’ ಎಂಬ ಚೀನೀ ಅಕ್ಷರಗಳಲ್ಲಿ ಬರೆದಿದ್ದಾರೆ. ಮುಂದೆ ಅದು ‘ಕೆಂಪು ಎಲೆ’ಯಾಯಿತು. ಮೇಪಲ್ ಮರದ ಕೆಂಪು ಗೆದ್ದಿತ್ತು.

ಮೊದಮೊದಲು ಇದು ಅರಮನೆಯವರ ವಿನೋದ. 16ನೆಯ ಶತಮಾನದಲ್ಲಿ ಕಾನೊ ಹಿದೆಯೋರಿ ಬರೆದ ತೆರೆಚಿತ್ರ ನೋಡಿದರೆ ನೋಟವೇ ಬೇರೆ. ಕ್ಯೋಟೋ ಬಳಿಯ ತಕಾವೊ, ಪಕ್ಕದಲ್ಲಿ ಕಿಯೊತಾಕಿ ಹೊಳೆ. ಕೆಂಪು ಮರಗಳಡಿ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಕೂತು ಹರಟುತ್ತಿದ್ದಾರೆ.

ಬೇಟೆ ಎಂದಮೇಲೆ ಜಾಡು ಗೊತ್ತಿರಬೇಕು. ಬಣ್ಣ ಚಳಿಯ ಬೆನ್ನು ಹಿಡಿದು ಬರುತ್ತದೆ. ಹೊಕ್ಕೈದೊದ ಎತ್ತರದ ಬೆಟ್ಟಗಳಲ್ಲಿ ಸೆಪ್ಟೆಂಬರಿಗೇ ಶುರುವಾಗಿ, ಶಿಖರದಿಂದ ಕಣಿವೆಗೆ, ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತ ನವೆಂಬರ್ ಕೊನೆಯ ಹೊತ್ತಿಗೆ ಕ್ಯೋಟೋ ನಗರ ಮುಟ್ಟುತ್ತದೆ. ಹಾಗಾಗಿ ಮೊದಲು ಎತ್ತರಕ್ಕೆ ಹೋಗಬೇಕು, ತಡವಾದರೆ ತಗ್ಗಿಗೆ.

ಈಗ ಜಾಡೇ ಸರಿಯುತ್ತಿದೆ. ಜಪಾನಿನ ಹವಾಮಾನ ಇಲಾಖೆ 1953ರಿಂದ ಮೇಪಲ್ ಕೆಂಪಾಗುವ ದಿನವನ್ನು ಬರೆದಿಡುತ್ತಿದೆ. ಶರತ್ಕಾಲ ಬೆಚ್ಚಗಾದಂತೆ ಆ ದಿನ ಹಿಂದೆ ಬೀಳುತ್ತ ಬಂದಿದೆ. ಅಜ್ಜಿ ಹೇಳಿದ ವಾರವೇ ಹೊರಟ ಮೊಮ್ಮಕ್ಕಳಿಗೆ ಈಗ ಬೆಟ್ಟದ ಮೇಲೆ ಹಸಿರೆಲೆಯೇ ಸಿಗಬಹುದು.