ಸೆಪ್ಟೆಂಬರ್ 1948 ಮತ್ತು ಜನಾಂಗದ ಪಶ್ಚಾತ್ತಾಪ

ಪ್ರವಾದಿ ದಾನಿಯೇಲನ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಪಾಪನಿವೇದನೆ ಮಾಡುವವನು ನೀತಿವಂತ. ಸೆರೆಯಾಗಿ ಬಾಬಿಲೋನಿಗೆ ಒಯ್ಯಲ್ಪಟ್ಟಾಗ ಆತನಿನ್ನೂ ತರುಣ. ಆದರೂ ಪಿತೃಗಳ ಅಪರಾಧವನ್ನು ಹೇಳುವಾಗ ಆತನು ಬಳಸುವ ಪದ ‘ನಾವು’. ಕಲಬುರಗಿಯ ಧರ್ಮಸಭೆ 1948ನೇ ಇಸವಿಯನ್ನು ಕುರಿತು ಈ ಪದವನ್ನು ಉಚ್ಚರಿಸಬಲ್ಲದೇ?

ಆ ವರ್ಷದ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ಹಿಂದೂಗಳನ್ನು ಸಾಮೂಹಿಕವಾಗಿ ಕೊಂದರು. ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಕದನವಿರಾಮ ಘೋಷಿಸಿದರು. ಬಳಿಕ ಹತರಾದವರು ಮುಸ್ಲಿಮರು. ಪ್ರಧಾನಿ ನೆಹರೂ ಅವರ ಇಚ್ಛೆಯಂತೆ ಪಂಡಿತ್ ಸುಂದರ್‌ಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ಸಮಿತಿ ನವೆಂಬರ್ 29ರಂದು ಹೈದರಾಬಾದಿಗೆ ಬಂದು ಹಳ್ಳಿಹಳ್ಳಿಯವರನ್ನು ವಿಚಾರಿಸಿತು. ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅದು ಅಂದಾಜಿಸಿತು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಈ ನಾಲ್ಕು ಜಿಲ್ಲೆಗಳಲ್ಲೇ ಸುಮಾರು 18,000. ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಸಾರ್ವಜನಿಕರ ಕೈಗೆ ಸಿಕ್ಕಿದ್ದು 2013ರಲ್ಲಿ.

ಕಲಬುರಗಿಯಿಂದ ಕಮಲಾಪುರ ದಾಟಿ ಹುಮನಾಬಾದಿಗೆ ಸಾಗುವ ರಸ್ತೆ ಆ ನಾಲ್ಕರಲ್ಲಿ ಎರಡು ಜಿಲ್ಲೆಗಳನ್ನು ಜೋಡಿಸುತ್ತದೆ. ನಮ್ಮಲ್ಲಿ ಅನೇಕ ಗುರುಗಳು ಆ ದಾರಿಯಲ್ಲೇ ಓಡಾಡುವವರು. ಕಮಲಾಪುರದ ಕೆಂಪು ಬಾಳೆಯ ಬಗ್ಗೆ ಮಾತಾಡುತ್ತೇವೆ. ಈ ವಿಷಯವನ್ನು ಎತ್ತುವುದಿಲ್ಲ. ಹಳಬರ ಬಾಯಲ್ಲಿ ‘ರಜಾಕಾರರ ಹಾವಳಿ’ ಎಂಬ ಮಾತು ಸಲೀಸಾಗಿ ಬರುತ್ತದೆ. ಅದರ ಮುಂದಿನ ವಾರಗಳಿಗೆ ಅಂಥ ಹೆಸರೇ ಇಲ್ಲ.

1948ಕ್ಕೂ ನಮಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ನಮ್ಮ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದೇ 2005ರಲ್ಲಿ. ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ರಾಷ್ಟ್ರದ ಪಾಪಕ್ಕಾಗಿ ಪಶ್ಚಾತ್ತಾಪಪಡುತ್ತೇವೆಂದು ಹೊರಟವರು ಹಲವೊಮ್ಮೆ ನೆರೆಯವರ ಪಾಪವನ್ನು ನಿವೇದಿಸಿ ತೃಪ್ತರಾಗುತ್ತಾರೆಂದು ಸಿ.ಎಸ್. ಲೂಯಿಸ್ 1940ರಲ್ಲೇ ಎಚ್ಚರಿಸಿದ್ದರು. ಅಲ್ಪಸಂಖ್ಯಾತರಾದ ನಾವು ಹಿಂದೂಗಳ ಅಥವಾ ಮುಸ್ಲಿಮರ ಪರವಾಗಿ ಎದೆ ಬಡಿದುಕೊಂಡರೆ ಅದು ದೂರು ಹೇಳಿದಂತಾದೀತು.

ಅಂತರರಾಷ್ಟ್ರೀಯ ದೈವಶಾಸ್ತ್ರೀಯ ಆಯೋಗವು 2000ದಲ್ಲಿ ಪ್ರಕಟಿಸಿದ ‘ಸ್ಮರಣೆ ಮತ್ತು ಸಂಧಾನ’ ಇಲ್ಲಿ ನೆರವಾಗುತ್ತದೆ. ಪಾಪದ ದೋಷ ಅದನ್ನು ಮಾಡಿದವರೊಂದಿಗೇ ಸಾಯುತ್ತದೆ, ಆದರೆ ಅದರ ಗಾಯ ನೆನಪಿನಲ್ಲಿ ಉಳಿದು ಮುಂದಿನವರನ್ನು ಹೊಣೆಗಾರರನ್ನಾಗಿಸುತ್ತದೆ ಎಂಬುದು ಅದರ ವಾದ. ಅದೇ ವರ್ಷ ಮಾರ್ಚ್ 12ರಂದು, ತಪಸ್ಸುಕಾಲದ ಮೊದಲ ಭಾನುವಾರ, ಜಗದ್ಗುರು ಎರಡನೇ ಜಾನ್ ಪೌಲರು ಧರ್ಮಸಭೆಯ ಮಕ್ಕಳ ಗತಕಾಲದ ಪಾಪಗಳಿಗಾಗಿ ಸಂತ ಪೇತ್ರರ ಮಹಾದೇವಾಲಯದಲ್ಲಿ ಕ್ಷಮೆ ಕೋರಿದರು. ಆ ದೃಷ್ಟಿಯಲ್ಲಿ ನಮ್ಮ ‘ನಾವು’ ಎಂದರೆ ಕೊಂದವರ ಗುಂಪಿಗೆ ಸೇರಿದ್ದೇವೆಂದಲ್ಲ, ಈ ನೆಲದ ನೆನಪಿಗೆ ಬಾಧ್ಯರು ಎಂದು. ಈ ಮೌನದಲ್ಲಿ ನಮ್ಮ ಪಾಲೂ ಇದೆ.

ಪಶ್ಚಾತ್ತಾಪ, ನಿವೇದನೆಗಳ ಬಳಿಕ ಪ್ರಾಯಶ್ಚಿತ್ತ ಇರಬೇಕೆಂಬುದು ಸಂಸ್ಕಾರದ ಕ್ರಮ. ಜಕ್ಕಾಯನು ನಾಲ್ಕರಷ್ಟು ಹಿಂದಿರುಗಿಸಲು ಒಪ್ಪಿದನು. ಸುಲಿಗೆಯಾದ ಅಂಗಡಿಗಳನ್ನು, ಅಪಹೃತರಾದ ಹೆಂಗಸರನ್ನು ಈಗ ಹಿಂದಿರುಗಿಸಲಾಗದು, ಸತ್ಯವನ್ನು ಹಿಂದಿರುಗಿಸಬಹುದು. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ: ಹಿಂದೂ ನೇಕಾರರು ತಮ್ಮ ಕಸುಬಿನ ಮುಸ್ಲಿಂ ನೇಕಾರರ ಪರ ನಿಂತು, ಕೆಲವೆಡೆ ಪ್ರಾಣವನ್ನೇ ತೆತ್ತು ಅವರನ್ನು ಉಳಿಸಿದರು. ಇವರನ್ನು ಬಿಟ್ಟ ನಿವೇದನೆ ಅಪೂರ್ಣ.

ಸೆಪ್ಟೆಂಬರ್ 17 ಇಂದು ಕಲ್ಯಾಣ ಕರ್ನಾಟಕ ಉತ್ಸವದ ದಿನ. ಆ ಸಂತೋಷ ನ್ಯಾಯವಾದದ್ದೇ. ಅಂದಿನ ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಗೋರಟಾದ ಮೃತರು, ಆಮೇಲಿನ ಮುಸ್ಲಿಂ ಮೃತರು, ಆ ನೇಕಾರರು ಈ ಮೂವರನ್ನೂ ಒಂದೇ ಬಿನ್ನಹದಲ್ಲಿ ಸ್ಮರಿಸಬಹುದು. ಕಲಬುರಗಿಯ ದೊಡ್ಡ ದೇವಾಲಯದಲ್ಲಾಗಲಿ, ಕಮಲಾಪುರದ ಕಡೆಯ ಮನೆಯಂಗಳದ ಪೂಜೆಯಲ್ಲಾಗಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.